ಮೂಲಮಾದರಿ ಓಡುತ್ತಿದೆ, ಸಾಧನ ಯಾಕೆ ಬರುತ್ತಿಲ್ಲ? 500ರ ಬ್ಯಾಚಿಗೆ ಕಾಯುವವರಿಗೆ ಒಂದು ಲೆಕ್ಕ

ಪ್ರಶ್ನೆ: ಅಂಗೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ಒಂದಕ್ಕೆ ಪೂರ್ತಿ ಹಣ ಮುಂಗಡ ಕೊಟ್ಟು ಏಳು ತಿಂಗಳಾಯಿತು. ಸಣ್ಣ ತಂಡ, ಮೊದಲ ಬ್ಯಾಚು 500 ಮಾತ್ರ. ಹಣ ಕೊಡುವ ಹೊತ್ತಿಗೇ ಮೂಲಮಾದರಿ ಚೆನ್ನಾಗಿ ಓಡುತ್ತಿತ್ತು, ವಿಡಿಯೊದಲ್ಲಿ ನೋಡಿದ್ದೇನೆ. ಆಮೇಲೆ ದಿನಾಂಕ ಎರಡು ಸಲ ಮುಂದೆ ಹೋಗಿದೆ. ಮೊನ್ನೆ ಬಂದ ಪತ್ರದಲ್ಲಿ ‘ಬೋರ್ಡ್ ಡಿವಿಟಿ ದಾಟಿದೆ. ಕೇಸಿನ ಟಿ1 ಬಂದಿದೆ, ಬಟನ್ ಸಿಕ್ಕಿಕೊಳ್ಳುತ್ತಿದೆ, ಅಚ್ಚು ತಿದ್ದಲು ಹೋಗಿದೆ. ಡಿಸ್‌ಪ್ಲೇಗೆ ಕಾಯುತ್ತಿದ್ದೇವೆ’ ಎಂದಿದೆ. ಓಡುವ ಸಾಧನವನ್ನು 500 ಸಲ ಮಾಡಲು ಇಷ್ಟು ಕಾಲ ಯಾಕೆ? ಇನ್ನೆಷ್ಟು ದಿನ ಕಾಯಬೇಕು? ಹಣ ವಾಪಸು ಕೇಳುವುದೇ ಒಳ್ಳೆಯದೇ?

ಉತ್ತರ: ನಿಮಗೆ ಬಂದ ಪತ್ರ ಚಿಕ್ಕದಾದರೂ ಅದರಲ್ಲಿ ಬೇಕಾದಷ್ಟು ಮಾಹಿತಿ ಇದೆ. ಅದನ್ನು ಓದುವ ಮೊದಲು ಒಂದು ಲೆಕ್ಕ ನೋಡಿ.

ಇಂಥ ಸಾಧನದ ಒಂದು ಸರ್ಕ್ಯೂಟ್ ಬೋರ್ಡಿನ ಮೇಲೆ ಸುಮಾರು 200 ಬಿಡಿಭಾಗಗಳಿವೆ ಎಂದಿಟ್ಟುಕೊಳ್ಳೋಣ. 500 ಬೋರ್ಡಿಗೆ ಒಂದು ಲಕ್ಷ ಭಾಗ. ಭಾಗಗಳನ್ನು ಅವು ಅಂಟಿರುವ ಟೇಪಿನ ರೀಲಿನಿಂದ ಎತ್ತಿ ಬೋರ್ಡಿನ ಮೇಲೆ ಕೂರಿಸುವ ಯಂತ್ರ ಗಂಟೆಗೆ ಹತ್ತು ಸಾವಿರ ಕೂರಿಸಿದರೆ ಹತ್ತು ಗಂಟೆಯಲ್ಲಿ ಕೆಲಸ ಮುಗಿಯಿತು. ಪ್ಲಾಸ್ಟಿಕ್ ಅಚ್ಚಿನೊಳಗೆ ತುಂಬಿ, ತಣಿದು, ಹೊರಬರಲು ಒಂದು ಸಲಕ್ಕೆ 45 ಸೆಕೆಂಡ್ ಹಿಡಿಯಿರಿ. ಕೇಸಿನ ಮುಂಭಾಗ ಹಿಂಭಾಗ ಎರಡೂ ಒಂದೇ ಅಚ್ಚಿನಲ್ಲಿದ್ದರೆ 500 ಕೇಸು ಆರೂಕಾಲು ಗಂಟೆಯಲ್ಲಿ ತಯಾರು. ಅಂದರೆ ಯಂತ್ರಗಳ ದುಡಿಮೆ ಹೆಚ್ಚೆಂದರೆ ಎರಡು ದಿನದ್ದು. ನೀವು ತಿಂಗಳುಗಟ್ಟಲೆ ಕಾಯುತ್ತಿರುವುದು ಆ ಎರಡು ದಿನ ಕೂಡಿಬರಲಿ ಎಂದು. ಬೋರ್ಡ್, ಕೇಸ್, ಡಿಸ್‌ಪ್ಲೇ, ಬ್ಯಾಟರಿ, ಬಟನ್ನಿನ ರಬ್ಬರು, ಸ್ಕ್ರೂ, ಪರೀಕ್ಷೆಯ ಜಿಗ್ (ಬೋರ್ಡನ್ನು ಕೂರಿಸಿ ತಾಳೆ ನೋಡುವ ಚೌಕಟ್ಟು) ಎಲ್ಲವೂ ಒಂದೊಂದಾಗಿ ಒಪ್ಪಿಗೆಯಾಗಿ ಒಂದೇ ಜಾಗಕ್ಕೆ ಬಂದು ಸೇರಬೇಕು. ಪಟ್ಟಿಯಲ್ಲಿ 80 ಬಗೆಯ ಭಾಗಗಳಿದ್ದು 79 ಬಂದಿದ್ದರೂ ಒಂದೇ ಒಂದು ಸಾಧನ ಹೊರಬೀಳುವುದಿಲ್ಲ. ಹಾಗಾಗಿ ‘ಶೇ 90 ಮುಗಿದಿದೆ’ ಎಂಬ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯಾವುದು ಇನ್ನೂ ಬಂದಿಲ್ಲ, ಅದು ಯಾವಾಗ ಬರುತ್ತದೆ ಎಂಬುದನ್ನು ಮಾತ್ರ ನೋಡಿ.

ಪತ್ರದಲ್ಲಿರುವ ಡಿವಿಟಿ ಎಂಬುದು ತಯಾರಿಗೆ ಮುಂಚಿನ ಮೂರು ಪರೀಕ್ಷಾ ಹಂತಗಳಲ್ಲಿ ನಡುವಿನದು. ಮೊದಲನೆಯದು ಇವಿಟಿ: ಸರ್ಕ್ಯೂಟ್ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಬೆರಳೆಣಿಕೆಯ ಬೋರ್ಡುಗಳಲ್ಲಿ ನೋಡುವುದು. ನೀವು ವಿಡಿಯೊದಲ್ಲಿ ನೋಡಿದ್ದು ಬಹುಶಃ ಈ ಹಂತದ್ದು. ಡಿವಿಟಿಯಲ್ಲಿ ಅಂತಿಮ ವಿನ್ಯಾಸವನ್ನೇ ತೆಗೆದುಕೊಂಡು ಬಿಸಿ, ಚಳಿ, ಬೀಳುವಿಕೆ, ಚಾರ್ಜಿಂಗ್, ರೇಡಿಯೊ ಸೂಸಿಕೆ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಕೊನೆಯದು ಪಿವಿಟಿ: ನಿಜವಾದ ಅಚ್ಚು, ನಿಜವಾದ ಲೈನು, ನಿಜವಾದ ಕೆಲಸಗಾರರನ್ನು ಇಟ್ಟುಕೊಂಡು 30ರಿಂದ 50 ಸಾಧನ ಜೋಡಿಸಿ ನೋಡುವುದು. ಮೊದಲೆರಡು ಹಂತದಲ್ಲಿ ಪರೀಕ್ಷೆಗೆ ಒಳಗಾಗುವುದು ಸಾಧನ. ಪಿವಿಟಿಯಲ್ಲಿ ಅದನ್ನು ತಯಾರಿಸುವ ವಿಧಾನ. ಡಿವಿಟಿ ದಾಟಿದ್ದು ದೊಡ್ಡ ವಿಷಯವೇ, ಏಕೆಂದರೆ ಬೋರ್ಡನ್ನು ಮತ್ತೆ ವಿನ್ಯಾಸಗೊಳಿಸಿ ಮಾಡಿಸುವ ಮೂರರಿಂದ ಐದು ವಾರದ ಸುತ್ತು ಇನ್ನು ಬರುವ ಸಂಭವ ಕಡಿಮೆ. ಆದರೆ ಬೋರ್ಡ್ ಮಾತ್ರ ದಾಟಿದೆ. ನಿಮ್ಮ ಸಾಧನದ ಕಷ್ಟವೆಲ್ಲ ಈಗ ಕೇಸಿನಲ್ಲಿದೆ.

ಕೇಸಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನ ಸಣ್ಣ ಬ್ಯಾಚುಗಳು ಸಿಕ್ಕಿಬೀಳುವುದು ಇಲ್ಲೇ. ಮೂಲಮಾದರಿಯ ಕೇಸನ್ನು 3ಡಿ ಪ್ರಿಂಟರಿನಲ್ಲಿ ತೆಗೆದಿರುತ್ತಾರೆ. ಬಟನ್ ಬಿಗಿಯಾದರೆ ಮರಳುಕಾಗದದಲ್ಲಿ ಉಜ್ಜಿ ಸರಿಮಾಡಬಹುದು, ಒಂದೆರಡು ಸಾಧನಕ್ಕೆ ಅಷ್ಟು ಸಾಕು. 500 ಮಾಡಲು ಉಕ್ಕಿನ ಅಚ್ಚು ಬೇಕು. ಅದನ್ನು ಕಡೆಯಲು ನಾಲ್ಕರಿಂದ ಆರು ವಾರ. 500 ತೆಗೆದರೂ 50,000 ತೆಗೆದರೂ ಅಚ್ಚಿನ ಖರ್ಚು ಹೆಚ್ಚುಕಡಿಮೆ ಒಂದೇ. ಹಾಗಾಗಿ ಸಣ್ಣ ತಂಡಕ್ಕೆ ಇನ್ನೊಂದು ಅಚ್ಚು ಮಾಡಿಸುವ ಶಕ್ತಿ ಇರುವುದಿಲ್ಲ, ಇರುವುದನ್ನೇ ತಿದ್ದಿಕೊಳ್ಳಬೇಕು. ಅಚ್ಚಿನಿಂದ ಹೊರಬಂದ ಮೊದಲ ಮಾದರಿಗೆ ಟಿ1 ಎನ್ನುತ್ತಾರೆ, ತಿದ್ದಿದ ಮೇಲೆ ಬಂದದ್ದು ಟಿ2. ಕೆಲವು ಕಾರ್ಖಾನೆಗಳು ಟಿ0 ಇಂದ ಎಣಿಸುತ್ತವೆ. ಟಿ1ರಲ್ಲೇ ಎಲ್ಲವೂ ಒಪ್ಪುವಂತೆ ಬರುವುದು ಅಪರೂಪ, ಆದ್ದರಿಂದ ದೋಷ ಬಂತು ಎಂಬ ಸುದ್ದಿಯಿಂದಲೇ ಗಾಬರಿಯಾಗಬೇಕಿಲ್ಲ.

ಬಟನ್ ಸಿಕ್ಕಿಕೊಳ್ಳುವುದು ಏಕೆ? ಕರಗಿದ ಪ್ಲಾಸ್ಟಿಕ್ ತಣಿಯುವಾಗ ಕುಗ್ಗುತ್ತದೆ. ಎಬಿಎಸ್ ಪ್ಲಾಸ್ಟಿಕ್ ಶೇ 0.4ರಿಂದ 0.7ರಷ್ಟು ಕುಗ್ಗುತ್ತದೆ. ಅಚ್ಚು ಮಾಡುವವರು ನಡುವಿನ ಒಂದು ಅಂಕಿ, ಉದಾಹರಣೆಗೆ ಶೇ 0.5 ಹಿಡಿದು ಅಷ್ಟು ದೊಡ್ಡದಾಗಿ ಅಚ್ಚು ಕಡೆಯುತ್ತಾರೆ. ಗೋಡೆಯ ದಪ್ಪ, ಅಚ್ಚಿನ ಬಿಸಿ, ಒಳಗೆ ಒತ್ತಿ ಹಿಡಿಯುವ ಒತ್ತಡ ಇವುಗಳ ಮೇಲೆ ನಿಜವಾದ ಕುಗ್ಗುವಿಕೆ ಶೇ 0.6 ಆಯಿತೆನ್ನಿ. ಎಡಗಡೆಯ ದಿಕ್ಕಿನ ಬಟನ್ನಿಗೂ ಬಲಗಡೆಯ ಬಟನ್ನುಗಳಿಗೂ ನಡುವೆ 120 ಮಿಲಿಮೀಟರ್ ಇದ್ದರೆ, ಆ ಶೇ 0.1ರ ವ್ಯತ್ಯಾಸ 0.12 ಮಿಲಿಮೀಟರ್ ಆಗುತ್ತದೆ. ಬಟನ್ನಿಗೂ ತೂತಿನ ಅಂಚಿಗೂ ನಡುವೆ ಬಿಡುವ ಸಂದು ಒಂದೊಂದು ಬದಿಗೆ 0.2 ಮಿಲಿಮೀಟರ್ ಆಸುಪಾಸು ಮಾತ್ರ. ಅದರಲ್ಲಿ 0.12 ಹೋದರೆ ಉಳಿದದ್ದು ಅಚ್ಚಿನ ಎರಡು ಭಾಗ ಸೇರುವ ಗೆರೆಯಲ್ಲಿ ಎದ್ದ ಸಣ್ಣ ಉಬ್ಬಿಗೇ ಸರಿಹೋಗುತ್ತದೆ. ಒಂದು ಬದಿಯ ಬಟನ್ನುಗಳು ಸಲೀಸಾಗಿ ಒತ್ತಲು ಬಂದು ಇನ್ನೊಂದು ಬದಿಯವು ಉಜ್ಜುತ್ತಿದ್ದರೆ ಕಾರಣ ಇದೇ ಇರುತ್ತದೆ. ಎಲ್ಲ ಬಟನ್ನುಗಳೂ ಸಮನಾಗಿ ಬಿಗಿಯಾಗಿದ್ದರೆ ಸಂದಿನ ಅಳತೆಯೇ ತಪ್ಪಿದೆ ಎಂದರ್ಥ.

ಈಗ ತಿದ್ದುವುದರ ಕಷ್ಟ ನೋಡಿ. ಅಚ್ಚಿನಿಂದ ಉಕ್ಕು ತೆಗೆಯುವುದು ಸುಲಭ, ಸೇರಿಸುವುದು ಕಷ್ಟ. ಕೇಸಿನಲ್ಲಿ ತೂತು ಮೂಡುವುದು ಅಚ್ಚಿನೊಳಗೆ ನಿಂತಿರುವ ಉಕ್ಕಿನ ಗೂಟದಿಂದ. ತೂತು ದೊಡ್ಡದಾಗಬೇಕಾದರೆ ಗೂಟ ದಪ್ಪವಾಗಬೇಕು, ಅಂದರೆ ಉಕ್ಕು ಸೇರಿಸಬೇಕು. ಬಟನ್ ಮೂಡುವುದು ಉಕ್ಕಿನ ಕುಳಿಯಲ್ಲಿ. ಬಟನ್ ಚಿಕ್ಕದಾಗಬೇಕಾದರೆ ಕುಳಿ ಕಿರಿದಾಗಬೇಕು, ಅಲ್ಲೂ ಉಕ್ಕು ಸೇರಿಸಬೇಕು. ಬಿಗಿಯಾದ ಬಟನ್ನಿಗೆ ಇರುವ ಎರಡು ದಾರಿಗಳೂ ಕಷ್ಟದವೇ. ಅನುಭವವಿರುವ ವಿನ್ಯಾಸಕರು ಟಿ1ಗೆ ಬೇಕೆಂದೇ ಬಟನ್ ಸ್ವಲ್ಪ ಚಿಕ್ಕದು, ತೂತು ಸ್ವಲ್ಪ ದೊಡ್ಡದು ಇಟ್ಟು, ಅಲುಗಾಡುವ ಬಟನ್ ನೋಡಿಕೊಂಡು, ಆಮೇಲೆ ಉಕ್ಕು ತೆಗೆದು ಬಿಗಿ ಮಾಡುತ್ತಾರೆ. ನಿಮ್ಮ ತಂಡಕ್ಕೆ ಟಿ1ರಲ್ಲಿ ಬಿಗಿ ಬಂದಿದೆ. ಆ ಗೂಟಗಳನ್ನು ಬಿಡಿಯಾಗಿ ತೆಗೆದು ಹಾಕುವಂತೆ ಮಾಡಿಸಿದ್ದರೆ ಹೊಸ ಗೂಟ ಹಾಕಿ ಒಂದೆರಡು ವಾರದಲ್ಲಿ ಮುಗಿಯುತ್ತದೆ. ಇಡೀ ಅಚ್ಚಿನೊಂದಿಗೆ ಒಂದೇ ತುಂಡಾಗಿದ್ದರೆ ವೆಲ್ಡ್ ಮಾಡಿ ಮತ್ತೆ ಕಡೆಯಬೇಕು. ಅದಕ್ಕೆ ಮೂರು ವಾರ ಹಿಡಿಯಿರಿ. ಉಕ್ಕಿಗೆ ಕೈಹಾಕುವ ಮೊದಲು ಒತ್ತಡ, ತಣಿಸುವ ಸಮಯ, ಅಚ್ಚಿನ ಬಿಸಿ ಬದಲಿಸಿ ಒಂದು ದಿನ ಪ್ರಯತ್ನಿಸಿ ನೋಡುವುದು ಪದ್ಧತಿ. ಅದನ್ನು ಮಾಡಿ ನೋಡಿದ್ದಾರೆಯೇ ಎಂದು ಕೇಳಬಹುದು. ಮಾಡಿದ್ದರೆ ಉತ್ತರ ತಕ್ಷಣ ಬರುತ್ತದೆ.

ಅಚ್ಚಿನಲ್ಲಿ ಇನ್ನೂ ಒಂದು ಕೆಲಸ ಬಾಕಿ ಇರುತ್ತದೆ, ಅದನ್ನು ಪತ್ರಗಳಲ್ಲಿ ಬರೆಯುವುದೇ ಇಲ್ಲ. ಕೇಸಿನ ಮೇಲ್ಮೈಗೆ ಕೊಡುವ ನವಿರಾದ ತರಿತರಿ ಗುಣ, ಟೆಕ್ಸ್ಚರ್, ಅಚ್ಚಿನ ಗೋಡೆಯಲ್ಲೇ ಕೊರೆದಿರುತ್ತದೆ. ಅದನ್ನು ಎಲ್ಲ ಅಳತೆ ಒಪ್ಪಿಗೆಯಾದ ಮೇಲೇ ಮಾಡಿಸಬೇಕು, ಆಮೇಲೆ ವೆಲ್ಡ್ ಮಾಡಿದರೆ ಆ ಜಾಗದಲ್ಲಿ ಕಲೆ ಉಳಿಯುತ್ತದೆ. ಇದಕ್ಕೆ ಸುಮಾರು ಒಂದು ವಾರ. ಟೆಕ್ಸ್ಚರ್ ಬಂದ ಮೇಲೆ ಪ್ಲಾಸ್ಟಿಕ್ ಅಚ್ಚಿಗೆ ಅಂಟಿಕೊಳ್ಳುವ ಸಾಧ್ಯತೆಯೂ ಇದೆ, ಅದಕ್ಕಾಗಿಯೇ ಗೋಡೆಗಳನ್ನು ಒಂದೆರಡು ಡಿಗ್ರಿ ಓರೆಯಾಗಿ ಇಟ್ಟಿರಬೇಕು. ನಿಮಗೆ ಕಳಿಸುವ ಚಿತ್ರದಲ್ಲಿ ಕೇಸು ಕನ್ನಡಿಯಂತೆ ನುಣುಪಾಗಿ ಹೊಳೆಯುತ್ತಿದ್ದು, ಅಂತಿಮ ಸಾಧನ ಮಂದ ಮೇಲ್ಮೈಯದು ಎಂದು ಹೇಳಿದ್ದರೆ, ಈ ಕೆಲಸ ಇನ್ನೂ ಆಗಿಲ್ಲ.

ಡಿಸ್‌ಪ್ಲೇ ಬೇರೆ ರೀತಿಯ ತೊಡಕು. ಕಾರ್ಖಾನೆಗಳು ವಿಶೇಷ ಅಳತೆಯ ಡಿಸ್‌ಪ್ಲೇಯನ್ನು ಸಾವಿರಾರು ಸಂಖ್ಯೆಯಲ್ಲಿ ಮಾತ್ರ ಮಾಡಿಕೊಡುತ್ತವೆ, 500 ಕೇಳಿದರೆ ಸಿದ್ಧ ಮಾಲಿನಲ್ಲಿ ಇರುವುದನ್ನೇ ತೆಗೆದುಕೊಳ್ಳಬೇಕು. ಸಿದ್ಧ ಮಾಲು ಯಾವಾಗ ಬೇಕಾದರೂ ನಿಲ್ಲಬಹುದು, ಅಥವಾ ಸದ್ದಿಲ್ಲದೆ ಬದಲಾಗಬಹುದು. ಅದೇ ಗಾತ್ರ, ಅದೇ ರಿಬ್ಬನ್ ಕೇಬಲ್, ಆದರೆ ಪರದೆಯನ್ನು ನಡೆಸುವ ಒಳಗಿನ ಡ್ರೈವರ್ ಚಿಪ್ಪು ಐಎಲ್‌ಐ9341 ಇದ್ದದ್ದು ಎಸ್‌ಟಿ7789 ಆಗಿರುತ್ತದೆ. ಶುರುವಿನಲ್ಲಿ ಕಳಿಸುವ ಆದೇಶಗಳ ಸಾಲು ಬೇರೆಯಾದ್ದರಿಂದ ಪರದೆ ಬಿಳಿಯಾಗಿಯೇ ಉಳಿಯುತ್ತದೆ, ಇಲ್ಲವೇ ಬಣ್ಣಗಳು ತಲೆಕೆಳಗಾಗುತ್ತವೆ. ಇದನ್ನು ಫರ್ಮ್‌ವೇರಿನಲ್ಲಿ, ಅಂದರೆ ಸಾಧನದೊಳಗಿನ ಮೂಲ ತಂತ್ರಾಂಶದಲ್ಲಿ, ಸರಿಪಡಿಸಬಹುದು, ಒಂದೆರಡು ದಿನದ ಕೆಲಸ. ರಿಬ್ಬನ್ನಿನ ಪಿನ್ನುಗಳೇ ಬದಲಾಗಿದ್ದರೆ ಮಾತ್ರ ಬೋರ್ಡನ್ನು ಮತ್ತೆ ಮಾಡಿಸಬೇಕಾಗುತ್ತದೆ. ‘ಕಾಯುತ್ತಿದ್ದೇವೆ’ ಎಂದರೆ ಆರ್ಡರ್ ಕೊಟ್ಟು ಹಣ ಕಟ್ಟಿ ದಿನಾಂಕ ಪಡೆದಿದ್ದಾರೆಯೇ, ಇನ್ನೂ ದರ ವಿಚಾರಿಸುತ್ತಿದ್ದಾರೆಯೇ ಎಂಬುದನ್ನು ಸ್ಪಷ್ಟವಾಗಿ ಕೇಳಿ. ಎರಡರ ನಡುವೆ ಎರಡು ತಿಂಗಳ ವ್ಯತ್ಯಾಸವಿದೆ.

ಒಂದು ಭಾಗ ಎರಡು ದಿನ ತಡವಾದರೆ ಇಡೀ ಬ್ಯಾಚು ಯಾಕೆ ಮೂರು ವಾರ ಹಿಂದೆ ಬೀಳುತ್ತದೆ ಎಂದು ಬಹಳ ಜನ ಸಿಟ್ಟಾಗುತ್ತಾರೆ. ಅದಕ್ಕೆ ಕಾರಣ ಲೈನಿನ ಸರದಿ. 60 ಬಗೆಯ ರೀಲುಗಳನ್ನು ಯಂತ್ರಕ್ಕೆ ಭಾಗ ಒದಗಿಸುವ ಫೀಡರುಗಳಿಗೆ ಏರಿಸಿ, ಬೆಸುಗೆಯ ಪೇಸ್ಟ್ ಹಚ್ಚುವ ಸ್ಟೆನ್ಸಿಲ್ ಕೂರಿಸಿ, ಮೊದಲ ಬೋರ್ಡನ್ನು ಒಂದೊಂದು ಭಾಗವಾಗಿ ತಾಳೆ ನೋಡಲು ಅರ್ಧ ದಿನ ಹೋಗುತ್ತದೆ. ಐವತ್ತು ಸಾವಿರ ಬೋರ್ಡಿನ ಗಿರಾಕಿಗೆ ಆ ಅರ್ಧ ದಿನ ಗಣನೆಗೆ ಬರುವುದಿಲ್ಲ, 500ರವರಿಗೆ ಬರುತ್ತದೆ. ಆದ್ದರಿಂದ ಕಾರ್ಖಾನೆ ಸಣ್ಣ ಕೆಲಸಗಳನ್ನು ದೊಡ್ಡ ಕೆಲಸಗಳ ನಡುವೆ ಸಂದು ಸಿಕ್ಕಾಗ ಕೂರಿಸುತ್ತದೆ. ಆ ದಿನಕ್ಕೆ ಒಂದು ಕನೆಕ್ಟರ್ ಬಂದಿಲ್ಲವೆಂದರೆ ಸರದಿ ತಪ್ಪಿತು, ಮುಂದಿನದು ಯಾವಾಗ ಸಿಗುತ್ತದೋ ಆಗಲೇ. ತಡವಾದ ಭಾಗಕ್ಕಾಗಿ ಲೈನು ಯಾರಿಗೂ ಖಾಲಿ ನಿಲ್ಲುವುದಿಲ್ಲ.

ಬೋರ್ಡಿನ ಬಗ್ಗೆ ಹೆಚ್ಚು ಚಿಂತೆ ಬೇಡ, ಆದರೂ ಎರಡು ವಿಷಯ ತಿಳಿದಿರಲಿ. 500 ಬೋರ್ಡಿಗೆ 500 ಲೆಕ್ಕದಲ್ಲೇ ಭಾಗ ತರಿಸಿದರೆ ಸಾಲದು. ಫೀಡರಿಗೆ ಟೇಪಿನ ತುದಿ ಏರಿಸುವಾಗ, ಯಂತ್ರದ ಮೂಗು ತಪ್ಪಿ ಉದುರಿಸುವಾಗ ಭಾಗಗಳು ಹಾಳಾಗುತ್ತವೆ. 0402 ಎಂಬ ಅತಿ ಸಣ್ಣ ಗಾತ್ರದ ರೆಸಿಸ್ಟರ್, ಕೆಪಾಸಿಟರುಗಳನ್ನು ಒಂದೊಂದು ಬಗೆಗೂ ನೂರರಷ್ಟು ಹೆಚ್ಚಿಗೆ, ಚಿಪ್ಪುಗಳನ್ನು ನಾಲ್ಕೈದಾದರೂ ಹೆಚ್ಚಿಗೆ ತರಿಸಬೇಕು. ಇದನ್ನು ಮರೆತ ಬ್ಯಾಚು 488ಕ್ಕೆ ನಿಂತು, ಹನ್ನೆರಡು ಜನ ಮತ್ತೊಂದು ತಿಂಗಳು ಕಾಯುತ್ತಾರೆ. ಎರಡನೆಯದು ತೇವ. ಪ್ಲಾಸ್ಟಿಕ್ ಹೊದಿಕೆಯ ಚಿಪ್ಪುಗಳು ಗಾಳಿಯ ತೇವ ಹೀರುತ್ತವೆ. ತೇವದ ಮಟ್ಟ 3 ಎಂದು ಗುರುತಿಸಿದ ಚಿಪ್ಪು, ಮುಚ್ಚಿದ ಚೀಲ ಒಡೆದ ಮೇಲೆ 30 ಡಿಗ್ರಿ ಸೆಲ್ಸಿಯಸ್, ಶೇ 60 ಆರ್ದ್ರತೆಯೊಳಗೆ 168 ಗಂಟೆ ಮಾತ್ರ ಹೊರಗಿರಬಹುದು. ಸೀಸವಿಲ್ಲದ ಬೆಸುಗೆ 217 ಡಿಗ್ರಿಯಲ್ಲಿ ಕರಗಲು ಶುರುವಾಗುತ್ತದೆ, ಬೆಸುಗೆ ಕರಗಿಸುವ ರೀಫ್ಲೋ ಒಲೆಯ ಗರಿಷ್ಠ ಬಿಸಿ 235ರಿಂದ 250 ಡಿಗ್ರಿ. ಒಳಗೆ ತೇವ ಉಳಿದಿದ್ದರೆ ಆ ಬಿಸಿಗೆ ಆವಿಯಾಗಿ ಚಿಪ್ಪು ಒಳಗಿಂದೊಳಗೇ ಬಿರಿಯುತ್ತದೆ. ಪಿವಿಟಿಗೆ ಅರ್ಧ ರೀಲು ಬಳಸಿ ಉಳಿದದ್ದನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟಿದ್ದರೆ, ದೊಡ್ಡ ಓಟಕ್ಕೆ ಮುಂಚೆ ಅದನ್ನು ಒಣಗಿಸಲೇಬೇಕು. ಪ್ಲಾಸ್ಟಿಕ್ ರೀಲು ಹೆಚ್ಚು ಬಿಸಿ ತಡೆಯುವುದಿಲ್ಲ, ಕಡಿಮೆ ಬಿಸಿಯಲ್ಲಿ ಒಣಗಿಸಲು ದಿನಗಳೇ ಬೇಕು. ‘ಭಾಗಗಳೆಲ್ಲ ಇವೆ, ಆದರೂ ಮುಂದಿನ ವಾರ’ ಎಂಬ ಮಾತಿನ ಹಿಂದೆ ಕೆಲವೊಮ್ಮೆ ಇಂಥದ್ದೇ ಸಣ್ಣ ಕಾರಣ ಇರುತ್ತದೆ.

ಪತ್ರದಲ್ಲಿ ಬ್ಯಾಟರಿಯ ಹೆಸರೇ ಇಲ್ಲ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಅದೇ. ಲಿಥಿಯಂ ಬ್ಯಾಟರಿಯನ್ನು ಸಾಗಿಸಬೇಕಾದರೆ ಆ ಮಾದರಿಗೆ ಯುಎನ್ 38.3 ಎಂಬ ವಿಶ್ವಸಂಸ್ಥೆಯ ಸುರಕ್ಷತಾ ಪರೀಕ್ಷೆ ಆಗಿರಬೇಕು: ಎತ್ತರದ ಕಡಿಮೆ ಒತ್ತಡ, ಬಿಸಿ-ಚಳಿ, ಕಂಪನ, ಆಘಾತ, ಶಾರ್ಟ್ ಸರ್ಕ್ಯೂಟ್ ಎಲ್ಲವೂ ಅದರಲ್ಲಿ ಬರುತ್ತವೆ. ಪರೀಕ್ಷೆಯ ಸಾರಾಂಶ ಪತ್ರ ಕೈಯಲ್ಲಿಲ್ಲದಿದ್ದರೆ ಪೆಟ್ಟಿಗೆಗಳು ತಯಾರಾಗಿ ನಿಂತರೂ ಸಾಗಣೆದಾರರು ಮುಟ್ಟುವುದಿಲ್ಲ. ಸಾಧನದೊಳಗೆ ಕೂರಿಸಿದ ಬ್ಯಾಟರಿ ಯುಎನ್ 3481 ಎಂಬ ಗುರುತಿನಲ್ಲಿ, ಬಿಡಿ ಬ್ಯಾಟರಿ ಯುಎನ್ 3480 ಗುರುತಿನಲ್ಲಿ ಹೋಗುತ್ತದೆ. ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ವಿಮಾನದಲ್ಲಿ ಕಳಿಸುವಾಗ ಚಾರ್ಜು ಶೇ 30 ಮೀರಬಾರದೆಂಬ ನಿಯಮ 2016ರ ಏಪ್ರಿಲ್‌ನಿಂದ ಇದೆ. ಸಾಧನದೊಳಗಿನದನ್ನೂ ಹೆಚ್ಚಿನವರು ಕಡಿಮೆ ಚಾರ್ಜಿನಲ್ಲೇ ಕಳಿಸುತ್ತಾರೆ.

ಈ ಕಡಿಮೆ ಚಾರ್ಜಿನಿಂದ ಇನ್ನೊಂದು ತೊಂದರೆ ಹುಟ್ಟುತ್ತದೆ. ಬ್ಯಾಟರಿ 1000 ಎಂಎಎಚ್ ಇದ್ದು ಶೇ 30 ಚಾರ್ಜಿನಲ್ಲಿ ಹೊರಟರೆ ಒಳಗಿರುವುದು 300. ಸ್ವಿಚ್ ಆಫ್ ಆಗಿದ್ದಾಗಲೂ ಬೋರ್ಡು ಅರ್ಧ ಮಿಲಿಆಂಪ್ ಎಳೆಯುತ್ತಿದ್ದರೆ 600 ಗಂಟೆಗೆ, ಅಂದರೆ 25 ದಿನಕ್ಕೆ ಪೂರ್ತಿ ಖಾಲಿ. ಹಡಗಿನ ದಾರಿ ಅದಕ್ಕಿಂತ ಉದ್ದ. ಸೋರಿಕೆಯನ್ನು 20 ಮೈಕ್ರೊಆಂಪಿಗೆ ಇಳಿಸಿದ್ದರೆ ಅದೇ ಚಾರ್ಜು 600 ದಿನ ದಾಟಿ ಬರುತ್ತದೆ. ಒಳ್ಳೆಯ ವಿನ್ಯಾಸದಲ್ಲಿ ಬ್ಯಾಟರಿಯನ್ನೇ ಬೇರ್ಪಡಿಸುವ ಶಿಪ್ ಮೋಡ್ ಇರುತ್ತದೆ, ಚಾರ್ಜರ್ ಚುಚ್ಚಿದಾಗ ಎಚ್ಚರವಾಗುತ್ತದೆ. ಇದು ಪುಸ್ತಕದ ಭಯವೆಂದು ತಿಳಿಯಬೇಡಿ. ಪ್ಯಾನಿಕ್ ಸಂಸ್ಥೆಯ ಪ್ಲೇಡೇಟ್ ಎಂಬ ಕೈಸಾಧನದಲ್ಲಿ 2021ರ ಕೊನೆಗೆ, ತಯಾರಾಗಿ ಬಂದಿದ್ದ ಮೊದಲ 5,000 ಸಾಧನಗಳಲ್ಲಿ ಬ್ಯಾಟರಿ ದೋಷ ಕಂಡಿತು. ಎಲ್ಲವನ್ನೂ ಕಾರ್ಖಾನೆಗೆ ವಾಪಸು ಕಳಿಸಿ ಬೇರೆ ಕಡೆಯ ಬ್ಯಾಟರಿ ಹಾಕಿಸಿದರು. ಗಿರಾಕಿಗಳಿಗೆ ಸಾಧನ ಹೊರಟಿದ್ದು 2022ರ ಏಪ್ರಿಲ್‌ನಲ್ಲಿ. ಅದೇ ಸಮಯದಲ್ಲಿ ಅದರ ಪ್ರೊಸೆಸರಿಗೆ ಪೂರೈಕೆಗೆ ಎರಡು ವರ್ಷ ಬೇಕೆಂದು ಹೇಳಿದ್ದರಿಂದ ಮುಂದಿನ ಬ್ಯಾಚುಗಳಿಗೆ ಬೋರ್ಡನ್ನೇ ಬದಲಿಸಬೇಕಾಯಿತು. ಹಣ, ಅನುಭವ ಎರಡೂ ಇದ್ದವರಿಗೇ ಹೀಗಾಗುತ್ತದೆ. ಪೆಟ್ಟಿಗೆಗೆ ಹಾಕುವ ಮುಂಚೆ ಹಿಡಿದದ್ದು ಅವರ ಜವಾಬ್ದಾರಿತನ ಎಂದೇ ಹೇಳಬೇಕು.

ಬ್ಯಾಟರಿಯ ಕನೆಕ್ಟರಿನಲ್ಲೂ ಒಂದು ಅಪಾಯ ಇದೆ. ಎರಡು ಮಿಲಿಮೀಟರ್ ಅಂತರದ ಜೆಎಸ್‌ಟಿ ಪಿಎಚ್ ಕನೆಕ್ಟರಿನಲ್ಲಿ ಯಾವ ಪಿನ್ನು ಧನ, ಯಾವುದು ಋಣ ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಒಬ್ಬ ಪೂರೈಕೆದಾರರ ಮಾದರಿಯಲ್ಲಿ ಕೆಂಪು ತಂತಿ ಎಡಕ್ಕಿದ್ದರೆ ಇನ್ನೊಬ್ಬರದರಲ್ಲಿ ಬಲಕ್ಕಿರುತ್ತದೆ. ಚಿತ್ರದೊಂದಿಗೆ ಸ್ಪಷ್ಟವಾಗಿ ಬರೆದುಕೊಡದಿದ್ದರೆ 500 ಬ್ಯಾಟರಿಗಳೂ ತಿರುಗುಮುರುಗಾಗಿ ಬರಬಹುದು, ಸರ್ಕ್ಯೂಟಿನಲ್ಲಿ ರಕ್ಷಣೆ ಇಲ್ಲದಿದ್ದರೆ ಮೊದಲ ಸಾಧನ ಚುಚ್ಚಿದೊಡನೆ ಸುಡುತ್ತದೆ.

ಜೋಡಿಸಿದ ಮೇಲೆ ಪರೀಕ್ಷೆ. ಸ್ಪ್ರಿಂಗ್ ಪಿನ್ನುಗಳ ಜಿಗ್ ಮೇಲೆ ಬೋರ್ಡನ್ನು ಒತ್ತಿ, ವೋಲ್ಟೇಜು ನೋಡಿ, ಫರ್ಮ್‌ವೇರ್ ಹಾಕಿ, ಪರದೆ, ಬಟನ್, ಸ್ಪೀಕರ್, ಚಾರ್ಜಿಂಗ್ ತಾಳೆ ನೋಡಲು ಒಂದಕ್ಕೆ ನಾಲ್ಕು ನಿಮಿಷ ಎಂದರೂ 500ಕ್ಕೆ 33 ಗಂಟೆ. ಒಂದೇ ಜಿಗ್ ಇದ್ದರೆ ನಾಲ್ಕು ದಿನದ ಕೆಲಸ. ಇನ್ನು ಪಾಸಾಗುವ ಪ್ರಮಾಣ. ಐದು ಹಂತಗಳಲ್ಲಿ ಒಂದೊಂದರಲ್ಲೂ ಶೇ 98 ಸರಿಯಾಗಿ ಬಂದರೂ ಐದನ್ನೂ ಮೊದಲ ಸಲವೇ ದಾಟುವುದು ಶೇ 90 ಮಾತ್ರ. 500ರಲ್ಲಿ 48 ಸಾಧನ ರಿಪೇರಿ ಮೇಜಿಗೆ ಹೋಗುತ್ತವೆ. ಅವುಗಳಲ್ಲಿ ಬಹುಪಾಲು ಸರಿಹೋಗುತ್ತವೆ, ಆದರೆ ಅದಕ್ಕೆ ಒಂದು ವಾರ ಬೇಕು, ಮತ್ತು ವಾರಂಟಿಗೆಂದು 15ರಿಂದ 25 ಸಾಧನ ಪಕ್ಕಕ್ಕಿಡಬೇಕು. ನಿಮ್ಮ ಆರ್ಡರಿನ ಸಂಖ್ಯೆ 480ರ ಮೇಲಿದ್ದರೆ, ಒಟ್ಟು ಎಷ್ಟು ಬೋರ್ಡು ಮಾಡಿಸುತ್ತಿದ್ದಾರೆ ಎಂದು ಕೇಳುವುದು ನ್ಯಾಯ. 500 ಮಾರಿದವರು 530 ಆದರೂ ಮಾಡಿಸಬೇಕು.

ಈಗ ನಿಮ್ಮ ಎರಡನೆಯ ಪ್ರಶ್ನೆ: ಇನ್ನೆಷ್ಟು ದಿನ? ಅಚ್ಚು ತಿದ್ದಿ ಟಿ2 ಬರಲು ಎರಡರಿಂದ ಮೂರು ವಾರ. ಟೆಕ್ಸ್ಚರಿಗೆ ಒಂದು. ಪಿವಿಟಿ ಜೋಡಣೆ, ಅದರಲ್ಲಿ ಕಂಡ ತಪ್ಪುಗಳ ತಿದ್ದುಪಡಿಗೆ ಎರಡರಿಂದ ಮೂರು. ದೊಡ್ಡ ಓಟಕ್ಕೆ ಸರದಿ ಸೇರಿ ಎರಡು. ಪರೀಕ್ಷೆ, ರಿಪೇರಿ, ಪ್ಯಾಕಿಂಗಿಗೆ ಒಂದರಿಂದ ಎರಡು. ಇಲ್ಲಿಗೆ ಎಂಟರಿಂದ ಹನ್ನೊಂದು ವಾರ. ವಿಮಾನದಲ್ಲಿ ಬಂದರೆ ಕಸ್ಟಮ್ಸ್ ಸೇರಿ ಇನ್ನೊಂದೆರಡು, ಹಡಗಿನಲ್ಲಾದರೆ ಐದರಿಂದ ಏಳು. ಟಿ2 ಕೂಡ ಒಪ್ಪಿಗೆಯಾಗದೆ ಟಿ3 ಬೇಕಾದರೆ ಮತ್ತೆ ಎರಡು ಮೂರು ವಾರ ಸೇರಿಸಿ. ಡಿಸ್‌ಪ್ಲೇ ಪಿವಿಟಿ ಜೋಡಣೆ ಶುರುವಾಗುವ ಮುಂಚೆ ಬಂದರೆ ಅದರಿಂದ ತಡವಾಗುವುದಿಲ್ಲ, ಬರದಿದ್ದರೆ ಇಡೀ ಲೆಕ್ಕ ಅದರ ಹಿಂದೆ ಹೋಗುತ್ತದೆ. ತಯಾರಿ ಚೀನಾದಲ್ಲಿದ್ದರೆ ಇನ್ನೊಂದು ವಿಷಯ. ಅಲ್ಲಿನ ಹೊಸವರ್ಷ ಜನವರಿ 21ರಿಂದ ಫೆಬ್ರವರಿ 20ರ ನಡುವೆ ಬೀಳುತ್ತದೆ. ಕಾರ್ಖಾನೆ ಮುಚ್ಚುವುದು ಒಂದೆರಡು ವಾರವಾದರೂ, ಊರಿಗೆ ಹೋದ ಕೆಲಸಗಾರರು ಮರಳಿ ಲೈನು ಮೊದಲಿನ ವೇಗಕ್ಕೆ ಬರಲು ಒಟ್ಟು ತಿಂಗಳೇ ಹಿಡಿಯುತ್ತದೆ. ಅಕ್ಟೋಬರ್ ಮೊದಲ ವಾರವೂ ರಜೆ. ಮೇಲಿನ ಲೆಕ್ಕ ಈ ದಿನಗಳನ್ನು ಹಾಯುವುದಾದರೆ ಅದನ್ನೂ ಸೇರಿಸಿಕೊಳ್ಳಿ.

ಒಟ್ಟಿನಲ್ಲಿ ಎಲ್ಲ ಸರಿಯಾದರೆ ಮೂರು ತಿಂಗಳು, ಒಂದು ತೊಡಕು ಬಂದರೆ ನಾಲ್ಕೂವರೆ. ಈ ಕ್ಷೇತ್ರದಲ್ಲಿ ಇದು ವಿಪರೀತವಲ್ಲ. ಪಂಡೋರಾ ಎಂಬ ಕೈಸಾಧನಕ್ಕೆ 2008ರ ಸೆಪ್ಟೆಂಬರಿನಲ್ಲಿ ಮುಂಗಡ ತೆಗೆದುಕೊಂಡರು, ಮೊದಲ ಸಾಧನಗಳು ಹೊರಟಿದ್ದು 2010ರ ಮೇ ತಿಂಗಳಲ್ಲಿ. ಅಷ್ಟು ಕಾಲ ಕಾಯಬೇಕೆಂದು ನಾನು ಹೇಳುತ್ತಿಲ್ಲ. ತಡ ಎಂಬುದೊಂದರಿಂದಲೇ ಮೋಸ ಎಂದು ತೀರ್ಮಾನಿಸಲು ಆಗದು ಎನ್ನುತ್ತಿದ್ದೇನೆ, ಅಷ್ಟೇ.

ಹಣ ವಾಪಸು ಕೇಳಬೇಕೇ ಎಂಬುದಕ್ಕೆ ಪತ್ರಗಳ ಗುಣವನ್ನು ನೋಡಿ. ನಿಮ್ಮ ತಂಡ ದೋಷವನ್ನು ಹೆಸರಿಸಿ ಹೇಳಿದೆ: ಟಿ1, ಬಟನ್, ಅಚ್ಚು. ಸುಳ್ಳು ಹೇಳುವವರು ಇಷ್ಟು ನಿರ್ದಿಷ್ಟವಾಗಿ ಬರೆಯುವುದು ಕಡಿಮೆ. ದೋಷ, ಕಾರಣ, ಪರಿಹಾರ, ಮುಂದಿನ ದಿನಾಂಕ ನಾಲ್ಕೂ ಇರುವ ಪತ್ರ ಒಳ್ಳೆಯ ಪತ್ರ. ಅಳತೆಯ ಕ್ಯಾಲಿಪರ್ ಹಿಡಿದ ಕೇಸಿನ ಚಿತ್ರ, ರೀಲುಗಳ ಚೀಟಿ ಕಾಣುವ ಚಿತ್ರ ಇದ್ದರೆ ಇನ್ನೂ ಒಳ್ಳೆಯದು. ನನಗೆ ಆತಂಕ ಹುಟ್ಟಿಸುವುದು ಬೇರೆ ಬಗೆಯ ಪತ್ರಗಳು: ಕಂಪ್ಯೂಟರಿನಲ್ಲಿ ಬಿಡಿಸಿದ ಚಿತ್ರಗಳೇ ಮತ್ತೆ ಮತ್ತೆ, ‘ಬಹುತೇಕ ಮುಗಿದಿದೆ’ ಎಂಬ ಒಂದೇ ಮಾತು, ಅಚ್ಚು ಕಡೆದ ಮೇಲೂ ‘ಇನ್ನೂ ವೇಗದ ಪ್ರೊಸೆಸರ್ ಹಾಕುತ್ತಿದ್ದೇವೆ’ ಎಂಬ ಘೋಷಣೆ, ಮೊದಲ ಬ್ಯಾಚು ತಲುಪುವ ಮುಂಚೆಯೇ ಎರಡನೆಯದಕ್ಕೆ ಮುಂಗಡ. ಕೊನೆಯದು ಅತಿ ಕೆಟ್ಟ ಸೂಚನೆ. ಮೊದಲಿನವರ ಸಾಧನಕ್ಕೆ ಹಣ ಸಾಲದೆ ಆಮೇಲೆ ಬಂದವರ ಹಣ ಬಳಸುತ್ತಿರುವ ಸಾಧ್ಯತೆ ಇರುತ್ತದೆ.

ತಂಡಕ್ಕೆ ಒಂದು ಚಿಕ್ಕ ಪತ್ರ ಬರೆಯಿರಿ. ಸಿಟ್ಟು ಬೇಡ, ಉತ್ತರಿಸಲು ಸುಲಭವಾಗಿರಲಿ: ‘ನಮಸ್ಕಾರ. ನಾಲ್ಕು ವಿಷಯ ತಿಳಿಸುವಿರಾ? ಒಂದು, ಡಿಸ್‌ಪ್ಲೇಗೆ ಹಣ ಕಟ್ಟಿ ರವಾನೆಯ ದಿನಾಂಕ ಪಡೆದಿದ್ದೀರಾ? ಎರಡು, ಬ್ಯಾಟರಿ ಕೈಯಲ್ಲಿದೆಯೇ, ಯುಎನ್ 38.3 ಸಾರಾಂಶ ಇದೆಯೇ? ಮೂರು, ಟಿ2 ಒಪ್ಪಿಗೆಯಾದರೆ ಪಿವಿಟಿಗೆ ಸರದಿ ಕಾಯ್ದಿರಿಸಿದೆಯೇ, ಎಷ್ಟು ಸಾಧನ? ನಾಲ್ಕು, ಒಟ್ಟು ಎಷ್ಟು ಬೋರ್ಡು ಮಾಡಿಸುತ್ತಿದ್ದೀರಿ?’ ನಾಲ್ಕರಲ್ಲಿ ಮೂರಕ್ಕೆ ನೇರ ಉತ್ತರ ಬಂದರೆ ಕಾಯಿರಿ. ಎರಡು ವಾರದಲ್ಲಿ ಒಂದಕ್ಕೂ ಉತ್ತರ ಬರದಿದ್ದರೆ ಹಣ ಕೇಳಿ. ಕಾರ್ಡಿನ ಮೂಲಕ ಕೊಟ್ಟಿದ್ದರೆ ವ್ಯವಹಾರವನ್ನು ಪ್ರಶ್ನಿಸಲು ಗಡುವು ಇರುತ್ತದೆ. ಅದು ಯಾವಾಗ ಮುಗಿಯುತ್ತದೆ, ಭರವಸೆ ಕೊಟ್ಟ ದಿನಾಂಕದಿಂದ ಎಣಿಸುತ್ತಾರೆಯೇ ಎಂದು ನಿಮ್ಮ ಬ್ಯಾಂಕಿನಲ್ಲಿ ಈಗಲೇ ವಿಚಾರಿಸಿ, ಕಾಯುವ ನಿರ್ಧಾರ ಮಾಡಿದ್ದರೂ ಸಹ. ದಿನಾಂಕ ಬದಲಾದ ಪತ್ರಗಳನ್ನೆಲ್ಲ ತೆಗೆದಿಡಿ.

ಸಾಧನ ಕೈಸೇರಿದ ದಿನ ಮಾಡಬೇಕಾದ್ದನ್ನೂ ಹೇಳಿಬಿಡುತ್ತೇನೆ. ಹಿಂಭಾಗ ಉಬ್ಬಿದೆಯೇ ನೋಡಿ. ಉಬ್ಬಿದ್ದರೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ತಂಡಕ್ಕೆ ತಿಳಿಸಿ. ಸ್ವಿಚ್ ಒತ್ತಿದಾಗ ಏನೂ ಆಗದಿದ್ದರೆ ಕೆಟ್ಟಿದೆ ಎಂದುಕೊಳ್ಳುವ ಮೊದಲು ಅರ್ಧ ಗಂಟೆ ಚಾರ್ಜಿಗೆ ಇಡಿ. ಬ್ಯಾಟರಿ ಬಹಳ ಇಳಿದಿದ್ದರೆ ಚಾರ್ಜರ್ ಚಿಪ್ಪು ಮೊದಲು ಸಣ್ಣ ಪ್ರವಾಹದಲ್ಲೇ ಅದನ್ನು ಮೇಲೆತ್ತುತ್ತದೆ, ಆ ಹೊತ್ತಿನಲ್ಲಿ ಪರದೆ ಬೆಳಗದಿರಬಹುದು. ಎರಡೂ ತುದಿ ಯುಎಸ್‌ಬಿ-ಸಿ ಇರುವ ಕೇಬಲಿಗೆ ಚಾರ್ಜ್ ಆಗದಿದ್ದರೆ ಒಂದು ತುದಿ ಹಳೆಯ ಆಯತಾಕಾರದ ಯುಎಸ್‌ಬಿ-ಎ ಇರುವ ಕೇಬಲ್ ಹಾಕಿ ನೋಡಿ. ಅದರಲ್ಲಿ ಮಾತ್ರ ಚಾರ್ಜ್ ಆದರೆ ಚಾರ್ಜರಿಗೆ ಸಾಧನದ ಗುರುತು ಕೊಡುವ ಸಿಸಿ ಪಿನ್ನುಗಳ ಎರಡು 5.1 ಕಿಲೋಓಮ್ ರೆಸಿಸ್ಟರುಗಳ ವಿನ್ಯಾಸದಲ್ಲಿ ಅಥವಾ ಬೆಸುಗೆಯಲ್ಲಿ ತಪ್ಪಿದೆ. 2019ರ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನ ಮೊದಲ ಬೋರ್ಡುಗಳಲ್ಲೂ ಇದೇ ಜಾಗದಲ್ಲಿ ತಪ್ಪಾಗಿ, ಕೆಲವು ಕೇಬಲುಗಳು ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ಪರದೆಯಲ್ಲಿ ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ತಂದು ಸತ್ತ ಚುಕ್ಕೆ ಹುಡುಕಿ. ಪ್ರತಿ ಬಟನ್ನನ್ನೂ ನಡುವಿನಲ್ಲಿ, ನಾಲ್ಕು ಅಂಚುಗಳಲ್ಲಿ ಬೇರೆಬೇರೆಯಾಗಿ ಒತ್ತಿ, ಅಂಚಿನಲ್ಲಿ ಒತ್ತಿದಾಗ ಸಿಕ್ಕಿಕೊಂಡರೆ ತಿದ್ದಿದ ಅಚ್ಚು ಪೂರ್ತಿ ಸರಿಯಾಗಿಲ್ಲ. ಪೂರ್ತಿ ಚಾರ್ಜ್ ಮಾಡಿ, ಆಫ್ ಮಾಡಿ, ಒಂದು ವಾರ ಬಿಟ್ಟು ಚಾರ್ಜು ಎಷ್ಟು ಇಳಿದಿದೆ ನೋಡಿ. ಶೇ ಒಂದೆರಡು ಇಳಿದಿದ್ದರೆ ಸಹಜ, ಹತ್ತರಷ್ಟು ಇಳಿದಿದ್ದರೆ ಬೋರ್ಡು ಆಫ್ ಇದ್ದಾಗಲೂ ಕರೆಂಟು ಎಳೆಯುತ್ತಿದೆ. ಅದನ್ನು ವಾರಂಟಿಯೊಳಗೇ ಬರೆದು ತಿಳಿಸಿ, ಅಲ್ಲಿಯವರೆಗೂ ಪೆಟ್ಟಿಗೆ, ಒಳಗಿನ ಫೋಮು ಬಿಸಾಡಬೇಡಿ.